ಧಾರಣೆ ಬರೆಯದ ಸಂತೆ

ಶಿರಸಿಯಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು ಎಂಬುದು ಮರುದಿನದ ಪತ್ರಿಕೆಯಲ್ಲಿರುತ್ತದೆ: ಕನಿಷ್ಠ, ಗರಿಷ್ಠ, ಸರಾಸರಿ. ಒಂದು ಚೀಲ ಅಡಿಕೆಗಿರುವ ಈ ಭಾಗ್ಯ, ಜನ ಲಕ್ಷಗಟ್ಟಲೆ ಸುರಿದು ಕೊಳ್ಳುವ ಅನ್‌ಲಿಸ್ಟೆಡ್ ಷೇರಿಗೆ, ಅಂದರೆ ಷೇರುಪೇಟೆಯ ಪಟ್ಟಿಗೆ ಸೇರದ ಕಂಪನಿಯ ಷೇರಿಗೆ, ಯಾಕಿಲ್ಲ? ಕೆಲವು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

*

ವ್ಯವಹಾರ ನಡೆಯುವ ಬಗೆಯನ್ನು ಮೊದಲು ಬರೆದಿಡುತ್ತೇನೆ. ದಲ್ಲಾಳಿಗಳು ವಾಟ್ಸಾಪ್‌ನಲ್ಲಿ ದರ ಕಳಿಸುತ್ತಾರೆ. ಒಪ್ಪಿಗೆಯಾದರೆ ಅವರ ಬ್ಯಾಂಕ್ ಖಾತೆಗೆ ಹಣ ಹಾಕಬೇಕು. ಆಮೇಲೆ ಅವರು ಡೆಲಿವರಿ ಸ್ಲಿಪ್ ಕೊಟ್ಟು ಷೇರನ್ನು ನಮ್ಮ ಡಿಮ್ಯಾಟ್ ಖಾತೆಗೆ ವರ್ಗಾಯಿಸುತ್ತಾರೆ. ಷೇರುಪೇಟೆಯಲ್ಲಾದರೆ ಮಾರಿದವರು ತಪ್ಪಿದರೂ ವ್ಯವಹಾರ ಮುಗಿಸಿಕೊಡುವ ಹೊಣೆ ಕ್ಲಿಯರಿಂಗ್ ಕಾರ್ಪೊರೇಷನ್‌ನದು. ಇಲ್ಲಿ ಹಣ ಹೋದ ಗಳಿಗೆಗೂ ಷೇರು ಬರುವ ಗಳಿಗೆಗೂ ನಡುವೆ ಇರುವುದು ಬರೀ ನಂಬಿಕೆ.

*

ಒಂದೇ ಮಧ್ಯಾಹ್ನ ಮೂವರು ದಲ್ಲಾಳಿಗಳಿಗೆ ಫೋನ್ ಮಾಡಿ ಒಂದೇ ಕಂಪನಿಯ ದರ ಕೇಳಿದೆ. ಮೂರು ದರ ಬಂತು. ಕೊನೆಯವರಿಗೆ, ‘ಇದೇ ಷೇರು ನಾನು ಮಾರಿದರೆ ಎಷ್ಟು ಕೊಡ್ತೀರಿ?’ ಎಂದೆ. ಅವರು ಹೇಳಿದ್ದು ಆ ಮೂರಕ್ಕಿಂತಲೂ ಕಡಿಮೆ. ‘ಯಾವತ್ತು ತಗೋತೀರಿ?’ ಎಂದದ್ದಕ್ಕೆ, ‘ಪಾರ್ಟಿ ಸಿಗಬೇಕಲ್ಲ ಸರ್’ ಎಂದರು. ಕೊಳ್ಳುವವರಿಗೆ ಷೇರು ಇವತ್ತೇ ಸಿಗುತ್ತದೆ, ಮಾರುವವರು ಪಾರ್ಟಿಗಾಗಿ ಕಾಯಬೇಕು.

*

ಎಚ್‌ಡಿಬಿ ಫೈನಾನ್ಷಿಯಲ್ ಸರ್ವಿಸಸ್ 2025ರ ಜೂನ್‌ನಲ್ಲಿ ಐಪಿಒಗೆ ಬಂದಾಗ ಷೇರಿಗೆ ಇಟ್ಟ ಬೆಲೆ 700ರಿಂದ 740 ರೂಪಾಯಿ. ಅದಕ್ಕೆ ಮುಂಚೆ ಇದೇ ಷೇರು ಹೊರಗೆ 1,200 ದಾಟಿ ಮಾರಾಟವಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟಾಟಾ ಕ್ಯಾಪಿಟಲ್ 310ರಿಂದ 326ಕ್ಕೆ ಬಂತು. ಹೊರಗೆ ಅದಕ್ಕೆ ಸಾವಿರದ ಆಸುಪಾಸು ಕೊಟ್ಟವರಿದ್ದರು. ಐಪಿಒಗೆ ಮುಂಚೆ ಕೊಂಡವರಿಗೆ ಆರು ತಿಂಗಳ ಲಾಕ್-ಇನ್ ಬೇರೆ. ನಷ್ಟ ಎದುರಿಗೇ ಕಂಡರೂ ಅಷ್ಟು ದಿನ ಕೈಕಟ್ಟಿ ಕೂರಬೇಕು.

ಎರಡೂ ಹೆಸರುವಾಸಿ ಸಮೂಹಗಳ ಕಂಪನಿಗಳು. ಕಂಪನಿ ಒಳ್ಳೆಯದು ಎಂದ ಮಾತ್ರಕ್ಕೆ ಹೇಳಿದ ದರವೂ ಸರಿಯೆಂದು ಜನ ಹೇಗೆ ನಂಬಿದರು? ಬಹುಶಃ ಹೋಲಿಸಿ ನೋಡಲು ಎಲ್ಲೂ ಇನ್ನೊಂದು ದರ ಬರೆದಿರಲಿಲ್ಲ.

*

ಈ ಸಂತೆಗೆ ಸೂರು ಕಟ್ಟುವ ಪ್ರಯತ್ನ ಹಿಂದೊಮ್ಮೆ ನಡೆದಿತ್ತು. ಸಣ್ಣ ಕಂಪನಿಗಳಿಗಾಗಿ, ಅಮೆರಿಕದ ನಾಸ್ಡಾಕ್ ಮಾದರಿಯಲ್ಲಿ, 1990ರಲ್ಲಿ ‘ಓವರ್ ದಿ ಕೌಂಟರ್ ಎಕ್ಸ್‌ಚೇಂಜ್ ಆಫ್ ಇಂಡಿಯಾ’ ಹುಟ್ಟಿತು. 1992ರಲ್ಲಿ ವಹಿವಾಟು ಶುರುವಾಯಿತು. ಕೊಳ್ಳುವ ದರ, ಮಾರುವ ದರ ಎರಡನ್ನೂ ಹೇಳಲೇಬೇಕಾದ ಮಾರ್ಕೆಟ್ ಮೇಕರ್‌ಗಳು ಅಲ್ಲಿದ್ದರು. ವ್ಯಾಪಾರ ಕುದುರಲಿಲ್ಲ, 2015ರಲ್ಲಿ ಮಾನ್ಯತೆ ಹೋಯಿತು. 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಕೂಡ ಷೇರುಪೇಟೆಯ ನಿಯಂತ್ರಕ ಸೆಬಿಯ ಅನುಮತಿ ಪಡೆದು ತೆರೆಮರೆಗೆ ಸರಿದಿತ್ತು. ಸೂರು ಹೋಯಿತು, ಸಂತೆ ಮಾತ್ರ ಫೋನಿನೊಳಗೆ ಬೆಳೆಯಿತು. ಅನಧಿಕೃತ ವೇದಿಕೆಗಳಲ್ಲಿ ಇಂಥ ಷೇರು ಕೊಳ್ಳಬೇಡಿ, ಮಾರಬೇಡಿ ಎಂದು 2024ರ ಡಿಸೆಂಬರ್‌ನಲ್ಲಿ ಸೆಬಿ ಎಚ್ಚರಿಸಬೇಕಾಯಿತು.

*

ನನಗೆ ಬಿಡಿಸಲಾಗದ ಗಂಟು ಇದು. ಒಂದು ಡಿಮ್ಯಾಟ್ ಖಾತೆಯಿಂದ ಇನ್ನೊಂದಕ್ಕೆ ಷೇರು ಮಾರಾಟವಾಗಿ ಹೋಗುವಾಗ ಎಷ್ಟು ಹಣಕ್ಕೆ ಎಂದು ಬರೆಯಲೇಬೇಕು. 2020ರ ಜುಲೈನಿಂದ ಆ ಮೊತ್ತದ ಮೇಲೆ ಶೇ 0.015ರಷ್ಟು ಮುದ್ರಾಂಕ ಶುಲ್ಕವನ್ನು, ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಡಿಪಾಸಿಟರಿಯೇ ವಸೂಲಿ ಮಾಡುತ್ತದೆ. ಅಂದರೆ ಪ್ರತಿ ಮಾರಾಟದ ದರವೂ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್‌ಗಳ ಕಡತದಲ್ಲಿ ಆಗಲೇ ಇದೆ. ಶುಲ್ಕ ಲೆಕ್ಕಹಾಕಲು ಒದಗುವ ಅಂಕಿ, ಹಣ ಹಾಕುವ ಶಿಕ್ಷಕಿಗೆ, ನಿವೃತ್ತ ಗುಮಾಸ್ತರಿಗೆ ಯಾಕೆ ಕಾಣಬಾರದು? ಯಾರ ಹೆಸರೂ ಬೇಡ. ಕಂಪನಿವಾರು ದಿನದ ಕನಿಷ್ಠ, ಗರಿಷ್ಠ, ಸರಾಸರಿ ಸಾಕು.

*

ಅಲ್ಲಿಯವರೆಗೆ ಓದುಗರಲ್ಲಿ ಒಂದೇ ಕೋರಿಕೆ. ಮಕ್ಕಳ ಓದಿಗೆ, ಮನೆಯ ಪಾಯಕ್ಕೆ ಇಟ್ಟ ದುಡ್ಡನ್ನು ಈ ಸಂತೆಗೆ ತರಬೇಡಿ. ಬೇರೆ ದುಡ್ಡು ತಂದರೂ, ಕೊಳ್ಳುವ ಮುನ್ನ ಅದೇ ದಲ್ಲಾಳಿಯನ್ನು ಮಾರುವ ದರ ಕೇಳಿ. ಹೇಳಲು ತಡವರಿಸಿದರೆ ಫೋನ್ ಇಟ್ಟುಬಿಡಿ.