ಬಿಟ್ಟು ಬಂದ ಬ್ಯಾಂಡೂ ಗೆದ್ದ ದಿನ

ಪ್ರೀತಿಯ ಪುಟ್ಟಾ,

ಒಬ್ಬನೇ ಹಾಡಬೇಕು ಅನ್ನುವ ಆಸೆ ಒಂದು ಕಡೆ, ಬ್ಯಾಂಡ್ ಬಿಟ್ಟರೆ ಗೆಳೆಯರಿಗೆ ದ್ರೋಹ ಮಾಡಿದ ಹಾಗಾಗುತ್ತದೇನೋ ಅನ್ನುವ ಸಂಕಟ ಇನ್ನೊಂದು ಕಡೆ ಅಂತ ಬರೆದಿದ್ದೀಯ. ನೀನೇ ನನಗೆ ಹುಚ್ಚು ಹಿಡಿಸಿದ ಕಂಟ್ರಿ ಗಾಯಕ ಕ್ರಿಸ್ ಸ್ಟೇಪಲ್‌ಟನ್ ಕಥೆಯನ್ನು ಈಗ ನಾನು ನಿನಗೆ ಹೇಳುತ್ತೇನೆ, ಕೇಳು. ನೀನು ಅವನ ಕಂಠಕ್ಕೆ ಮರುಳಾದವನು. ನನ್ನ ಮನಸ್ಸು ನಿಂತದ್ದು ಅವನು ಕಾದ ವರ್ಷಗಳ ಮೇಲೆ.

ಕೆಂಟಕಿಯ ಕಲ್ಲಿದ್ದಲು ಸೀಮೆಯ ಹುಡುಗ 2001ರಲ್ಲಿ ನ್ಯಾಶ್‌ವಿಲ್‌ಗೆ ಬಂದದ್ದು ಹಾಡು ಬರೆದು ಬದುಕೋಣ ಅಂತ. ಕೆನ್ನಿ ಚೆಸ್ನಿ, ಜಾರ್ಜ್ ಸ್ಟ್ರೇಟ್‌ರಂಥವರು ಅವನ ಹಾಡು ಹಾಡಿದರು. ಬರೆದವನ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ಕೂತು ಬರೆಯುತ್ತಿದ್ದ ಮೈಕ್ ಹೆಂಡರ್ಸನ್ ಮತ್ತಿತರರ ಸಂಗಡ ಸೇರಿ 'ದಿ ಸ್ಟೀಲ್‌ಡ್ರೈವರ್ಸ್' ಬ್ಲೂಗ್ರಾಸ್ ಬ್ಯಾಂಡ್ ಕಟ್ಟಿದ. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಬೇಸ್, ಅವುಗಳ ನಡುವೆ ಇವನ ಒಡೆದ ಬ್ಲೂಸ್ ದನಿ. ಅವನೂ ಹೆಂಡರ್ಸನ್ನೂ ಸೇರಿ ಬರೆದ ಒಂದು ಹಾಡನ್ನು ಮುಂದೆ ಅಡೆಲ್ ಕೂಡ ಹಾಡಿದಳು. 2010ರಲ್ಲಿ, ಬ್ಯಾಂಡಿಗೆ ಗ್ರ್ಯಾಮಿ ನಾಮನಿರ್ದೇಶನ ಸಿಗುತ್ತಿದ್ದ ಕಾಲದಲ್ಲೇ, ಹೊರಬಂದ.

ಬಂದ ಕೂಡಲೇ ಬಾಗಿಲೇನೂ ತೆರೆಯಲಿಲ್ಲ, ಪುಟ್ಟಾ. ಜಾಂಪ್ಸನ್ ಬ್ರದರ್ಸ್ ಅನ್ನುವ ರಾಕ್ ತಂಡ ಕಟ್ಟಿದ. 2013ರಲ್ಲಿ ಅವನದೇ ಹೆಸರಿನಲ್ಲಿ ಬಂದ ಮೊದಲ ಹಾಡು ರೇಡಿಯೊದಲ್ಲಿ ಓಡಲೇ ಇಲ್ಲ. ಅದೇ ವರ್ಷ ಅವನ ಅಪ್ಪ ತೀರಿಕೊಂಡರು. ಕುಗ್ಗಿಹೋದವನಿಗೆ ಹೆಂಡತಿ ಮಾರ್ಗೇನ್ 1979ರ ಹಳೆಯ ಜೀಪೊಂದನ್ನು ಕೊಂಡಳು; ಫೀನಿಕ್ಸ್‌ಗೆ ಹೋಗಿ, ಅದನ್ನು ತೆಗೆದುಕೊಂಡು ಇಬ್ಬರೂ ಅದರಲ್ಲೇ ನ್ಯಾಶ್‌ವಿಲ್‌ವರೆಗೆ ಬಂದರು. 'ಟ್ರಾವೆಲರ್' ಹಾಡು ಹುಟ್ಟಿದ್ದು ಆ ದಾರಿಯಲ್ಲಿ. 2015ರಲ್ಲಿ ಅದೇ ಹೆಸರಿನ ಆಲ್ಬಂ ಬಂತು. ಹೆಡ್‌ಫೋನ್ ಹಾಕಿಕೊಂಡು ಕೇಳು: ಅವನ ದನಿ ಮೇಲೇರುವಾಗ ಮಾರ್ಗೇನ್ ದನಿ ಪಕ್ಕದಲ್ಲೇ ಏರುತ್ತದೆ. ಬೇಸ್ ನುಡಿಸಿದ ಜೆ.ಟಿ. ಕ್ಯೂರ್ ಆ ರಾಕ್ ತಂಡದವನೇ. ಒಬ್ಬನ ಹೆಸರಿನ ಆಲ್ಬಮ್ಮಿನಲ್ಲೂ ಜೊತೆಗಾರರು ಇದ್ದೇ ಇದ್ದಾರೆ.

ಆ ವರ್ಷದ ನವೆಂಬರಿನಲ್ಲಿ ಕಂಟ್ರಿ ಸಂಗೀತದ ಸಿಎಂಎ ಪ್ರಶಸ್ತಿ ಸಮಾರಂಭದ ವೇದಿಕೆಯಲ್ಲಿ ಸ್ಟೇಪಲ್‌ಟನ್ ಜಸ್ಟಿನ್ ಟಿಂಬರ್‌ಲೇಕ್ ಜೊತೆ ಹಾಡಿದ, ಮೂರು ಪ್ರಶಸ್ತಿ ಗೆದ್ದ. ಆಗ ಅವನಿಗೆ 37. ಇದೆಲ್ಲ ನಿನಗೂ ಗೊತ್ತು.

ನಿನಗೆ ಹೇಳಲೇಬೇಕು ಅನ್ನಿಸಿದ್ದು ಅದರ ಮುಂದಿನದು. 2016ರ ಫೆಬ್ರವರಿ 15ರಂದು ಶ್ರೇಷ್ಠ ಕಂಟ್ರಿ ಆಲ್ಬಂ ಗ್ರ್ಯಾಮಿ 'ಟ್ರಾವೆಲರ್'ಗೆ ಸಿಕ್ಕಿತು. ಅದೇ ದಿನ ಶ್ರೇಷ್ಠ ಬ್ಲೂಗ್ರಾಸ್ ಆಲ್ಬಂ ಗ್ರ್ಯಾಮಿ ಸ್ಟೀಲ್‌ಡ್ರೈವರ್ಸ್‌ಗೆ! ಬೇರೆ ಗಾಯಕನನ್ನು ಇಟ್ಟುಕೊಂಡು, ಟ್ಯಾಮಿ ರಾಜರ್ಸ್ ಅದೇ ಪಿಟೀಲು ಹಿಡಿದು, ತಮ್ಮದೇ ದಾರಿಯಲ್ಲಿ ಅವರು ಅಲ್ಲಿಗೆ ಬಂದಿದ್ದರು. ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು ಕಣೋ. ನೀನು ಹೋದರೆ ನಿನ್ನ ಗೆಳೆಯರು ಮುಳುಗಿಹೋಗುತ್ತಾರೆ ಅಂದುಕೊಳ್ಳಬೇಡ. ಅವರೂ ನಿನ್ನಷ್ಟೇ ಗಟ್ಟಿಗರು.

ಶನಿವಾರ ಪ್ರ್ಯಾಕ್ಟೀಸ್ ಶುರುವಾಗುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು ನಿನ್ನ ಬಾಯಿಂದಲೇ ಹೇಳು; ಬೇರೆಯವರಿಂದ ತಿಳಿಯುವುದು ಬೇಡ. ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಮುಗಿಸಿಕೊಡು. ಒಟ್ಟಿಗೆ ಬರೆದ ಹಾಡುಗಳಲ್ಲಿ ಯಾರ ಹೆಸರು ಎಲ್ಲಿ ಇರಬೇಕು ಅನ್ನುವುದನ್ನು ಆಗಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ರೂಮಿನ ಬಾಡಿಗೆ ಸ್ವಲ್ಪ ದಿನ ನನಗಿರಲಿ.

ನಿನ್ನ
ಅಕ್ಕ