ಕಿವಿಯ ಬೆಲೆ

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಕಿವಿಗೆ ಮಾತ್ರ ಕದವಿಲ್ಲ. ಬೇಡವಾದುದನ್ನು ನೋಡದೆ ಇರಬಹುದು, ಆಡದೆ ಇರಬಹುದು. ಕೇಳದೆ ಇರುವದು ಮನುಷ್ಯನ ಸ್ವಾಧೀನದಲ್ಲಿಲ್ಲ. ನಿದ್ರೆಯಲ್ಲಿಯೂ ಕಿವಿಯು ತೆರೆದೇ ಇರುವದು. ಹೀಗೆ ಹಗಲಿರುಳು ತೆರೆದ ಬಾಗಿಲೊಳಗೆ ಏನನ್ನು ಇಡಬೇಕು, ಏನನ್ನು ಇಡಬಾರದು ಎಂಬ ವಿಚಾರವನ್ನು ಜನರು ಬಹಳವಾಗಿ ಮಾಡುವದಿಲ್ಲ. ಕಾಲಿಗೆ ಜೋಡು ಕೊಳ್ಳುವಾಗ ಹತ್ತು ಸಲ ಮೆಟ್ಟಿ ನೋಡುವ ಗೃಹಸ್ಥನು, ಮಕ್ಕಳ ಕಿವಿಗೆಂದು ಕೊಳ್ಳುವ ಇಯರ್‌ಫೋನನ್ನು ಬಣ್ಣ ನೋಡಿ, ಬೆಲೆ ಕೇಳಿ, ಕಿಸೆಯಲ್ಲಿ ಹಾಕಿಕೊಂಡು ಬಂದುಬಿಡುವನು. ಸೇಡಂ ತಾಲೂಕಿನ ಆಡಕಿಯ ಒಂದು ಕುಟುಂಬದವರು ಮಾಡಿದ ಇಂಥದೇ ಒಂದು ಸಣ್ಣ ಖರೀದಿಯ ಸಂಗತಿಯು ಈ ಕಾರಣಕ್ಕಾಗಿ ವಾಚಕರ ಲಕ್ಷ್ಯಕ್ಕೆ ತಕ್ಕುದಾಗಿದೆ.

ಆ ಮನೆಯ ಯಜಮಾನನಿಗೆ ಸ್ವಲ್ಪ ಹೊಲವುಂಟು. ಮಳೆ ಹದವಾಗಿ ಬಂದ ವರುಷ ತೊಗರಿ, ಜೋಳ ಕೈಗೆ ಹತ್ತುವವು. ಬಾರದ ವರುಷ ಬೀಜವೂ ಹೋಗುವದು. ಆದುದರಿಂದ ಅವನು ಇಪ್ಪತ್ತು ವರುಷಗಳಿಂದ ಫರಸಿ ಕಲ್ಲು ಕೊಯ್ಯುವ ಒಂದು ಘಟಕದಲ್ಲಿ ದುಡಿಯುತ್ತ ಬಂದಿದ್ದಾನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದ ಕೆಳಗೆಲ್ಲ ಸುಣ್ಣಕಲ್ಲಿನ ಹಾಸು ಪದರು ಪದರಾಗಿ ಹಬ್ಬಿದೆ. ಅದೇ ಕಲ್ಲು ಸುಟ್ಟು ಅರೆದಲ್ಲಿ ಸಿಮೆಂಟಾಗುವದು. ಕೊಯ್ದು ಉಜ್ಜಿದಲ್ಲಿ ಶಹಾಬಾದಿ ಫರಸಿಯಾಗಿ ದೂರದೂರದ ಊರುಗಳ ಪಡಸಾಲೆಗಳನ್ನು ಸೇರುವದು. ನಾಡಿಗೆಲ್ಲ ತಂಪಾದ ನೆಲವನ್ನು ಕೊಡುವ ಆ ಕಲ್ಲು ತನ್ನನ್ನು ಕೊಯ್ಯುವವನ ಕಿವಿಗೆ ಮಾತ್ರ ತಂಪನ್ನು ಕೊಡುವದಿಲ್ಲ. ಗರಗಸದ ಚಕ್ರವು ಕಲ್ಲಿಗೆ ತಾಗಿದಾಗ ಏಳುವ ಕಿರಿಚಾಟದಲ್ಲಿ ಪಕ್ಕದವನ ಮಾತನ್ನು ತುಟಿ ನೋಡಿ ತಿಳಿದುಕೊಳ್ಳಬೇಕು.

ಆ ಸಪ್ಪಳವು ಅವನ ಕಿವಿಯನ್ನು ಮೆಲ್ಲಮೆಲ್ಲನೆ ಸವೆಸಿತು. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಒಂದು ಭಾಗವುಂಟು. ಅದರಲ್ಲಿರುವ ಅತಿಸೂಕ್ಷ್ಮವಾದ ರೋಮಕೋಶಗಳು ನಾದದ ಅಲೆಗೆ ತೊನೆದು ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವವು. ಗದ್ದಲದ ಹೊಡೆತಕ್ಕೆ ಒಮ್ಮೆ ಸತ್ತ ಈ ಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವದಿಲ್ಲ. ಏರುದನಿಗಳನ್ನು ಹಿಡಿಯುವ ಕೋಶಗಳೇ ಮೊದಲು ಕೆಡುವದರಿಂದ, ಇಂಥವರಿಗೆ ಮಾತು ಕೇಳಿಸಿದರೂ ಅಕ್ಷರ ತಿಳಿಯುವದಿಲ್ಲ. ಸಕಾರ, ಶಕಾರ, ತಕಾರಗಳು ಜಾರಿ ಸ್ವರಗಳು ಮಾತ್ರ ಉಳಿಯುವವು. ಮಗಳು ಒಂದು ದಿನ ಹೊಸ್ತಿಲಲ್ಲಿ ನಿಂತು, “ಅಪ್ಪಾ, ಸಾಲಿಗೆ ಹೊಂಟೀನಿ” ಎಂದಳು. ಅವನು, “ಹಾಲು ನಿನ್ನೆ ಸಂಜಿಗೇ ತಂದೀನಲ್ಲವ್ವಾ” ಎಂದನು. ಮನೆಯವರೆಲ್ಲ ನಕ್ಕರು, ಅವನೂ ನಕ್ಕನು. ಆದರೆ ಆಮೇಲಾಮೇಲೆ ಅವನು ಸಂಜೆ ಕಟ್ಟೆಯ ಮೇಲೆ ಕೂಡ್ರುವದನ್ನು ಬಿಟ್ಟನು. ಹತ್ತು ಜನ ನಗುವಾಗ ಯಾಕೆ ನಗುತ್ತಾರೆಂದು ತಿಳಿಯದೆ ನಗುವದು ಬಲು ದಣಿವಿನ ಕೆಲಸ.

ಮಗಳು ಈಗ ಸೇಡಮಿನ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಶಿಕ್ಷಕರ ಹುದ್ದೆಯ ಪರೀಕ್ಷೆಗೆ ಈಗಿನಿಂದಲೇ ಸಿದ್ಧತೆ ನಡೆದಿದೆ. ಮನೆಯಲ್ಲಿ ಮೂವರಿಗೆ ಒಂದೇ ಕೋಣೆಯಾದುದರಿಂದ ಬಸ್ಸೇ ಅವಳ ಅಭ್ಯಾಸದ ಮನೆ. ಮೊಬೈಲಿನಲ್ಲಿ ಬರುವ ಪಾಠಗಳನ್ನು ಹೋಗುತ್ತ ಬರುತ್ತ ಕೇಳುವಳು. ಆಕೆಯಲ್ಲಿದ್ದುದು ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಕೊಂಡ, ಕಿವಿಯ ಹೊರಬಾಯಿಯಲ್ಲಿ ಸಡಿಲಾಗಿ ಕೂಡ್ರುವ ಒಂದು ಜೋಡಿ. ಬಸ್ಸಿನ ಗುಡುಗುಡು ಅದರ ಸಂದಿಯಿಂದ ಒಳಗೆ ನುಗ್ಗುವದು. ಪಾಠ ತಿಳಿಯಬೇಕಾದರೆ ಸಪ್ಪಳವನ್ನು ತುದಿಯವರೆಗೆ ಏರಿಸಬೇಕು. ಒಂದು ರಾತ್ರಿ ಆಕೆ ತಾಯಿಗೆ, “ಅವ್ವಾ, ಬಸ್ಸಿನಿಂದ ಇಳಿದ ಮ್ಯಾಲ ಕಿವ್ಯಾಗ ಜೀರುಂಡಿ ಒದರಿದಂಗ ಆಗ್ತದ” ಎಂದಳು. ತಂದೆಗೆ ಅದು ಕೇಳಿಸಲಿಲ್ಲ. ತಾಯಿ ಗಟ್ಟಿಯಾಗಿ ಎರಡನೆಯ ಸಲ ಹೇಳಿದಳು. ಅವನು ಮುರಿದ ರೊಟ್ಟಿಯನ್ನು ತಾಟಿನಲ್ಲಿಯೇ ಬಿಟ್ಟನು. ಆ ಜೀರುಂಡೆ ಅವನಿಗೆ ಹಳೆಯ ಪರಿಚಯದ್ದು. ಹದಿನೈದು ವರುಷಗಳಿಂದ ಅದು ಅವನ ಎರಡೂ ಕಿವಿಗಳಲ್ಲಿ ಬಿಡುವಿಲ್ಲದೆ ಒದರುತ್ತಿದ್ದಿತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಪಾಠ ಕೇಳಬೇಡವೆಂದು ಹೇಳುವಂತಿರಲಿಲ್ಲ. ಹಿಂದೆ ಮನೆಗೊಂದು ರೇಡಿಯೋ. 1966ರಲ್ಲಿ ಕಲಬುರ್ಗಿಯ ಆಕಾಶವಾಣಿ ಆರಂಭವಾದ ಮೇಲೆ ಓಣಿಯ ಜನರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಕೇಳಿದ ಕಾಲವೂ ಇದ್ದಿತು. ಈಗ ಒಬ್ಬೊಬ್ಬರ ಕಿವಿಗೆ ಒಂದೊಂದು ಬಾನುಲಿ. ಕಾಲವನ್ನು ಜರೆದು ಪ್ರಯೋಜನವಿಲ್ಲ. ತೊಗರಿ ಮಾರಿದ ಹಣದಲ್ಲಿ ಅವನು 1500 ರೂಪಾಯಿ ಎತ್ತಿಟ್ಟನು. ಮಗಳು ತನ್ನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರನ್ನು ಕಂಡು, ಏನನ್ನು ನೋಡಿ ಕೊಳ್ಳಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಳು. ರವಿವಾರ ತಂದೆಮಗಳಿಬ್ಬರೂ ಕಲಬುರ್ಗಿಯ ಸೂಪರ್ ಮಾರ್ಕೆಟ್ಟಿಗೆ ಹೋದರು.

ಅಂಗಡಿಯವನು ಡಬ್ಬಿಗಳ ರಾಶಿಯನ್ನೇ ಸುರಿದನು. ಒಂದರಲ್ಲಿ ಎದೆ ನಡುಗಿಸುವ ‘ಬಾಸ್’, ಇನ್ನೊಂದರಲ್ಲಿ ನೀಲಿ ದೀಪ, ಮತ್ತೊಂದಕ್ಕೆ ನಲವತ್ತು ತಾಸಿನ ಬ್ಯಾಟರಿ. ಇವುಗಳಲ್ಲಿ ಯಾವ ಮಾತು ತೂಕದ್ದು, ಯಾವುದು ಜೊಳ್ಳು? ಅಧ್ಯಾಪಕರ ಹಾಳೆಯು ಇಲ್ಲಿ ಉಪಯೋಗಕ್ಕೆ ಬಂದಿತು.

ಈ ಉಪಕರಣದ ಹೃದಯವು ಸರಳವಾದುದು. ಒಂದು ಸಣ್ಣ ಅಯಸ್ಕಾಂತ, ಅದರ ಮಗ್ಗುಲಿಗೆ ಕೂದಲಿನಂಥ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ತೆಳ್ಳನೆಯ ಪೊರೆ. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಪೊರೆಯು ನಡುಗಿ ಗಾಳಿಯನ್ನು ಅಲುಗಿಸುವದು. 1910ರ ಸುಮಾರಿಗೆ ಅಮೇರಿಕೆಯ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ಮನೆಯ ಅಡಿಗೆಕೋಣೆಯಲ್ಲಿ ಕೈಯಿಂದ ಮಾಡಿದ ಹೆಡ್‌ಫೋನುಗಳನ್ನು ಅಲ್ಲಿನ ನೌಕಾದಳಕ್ಕೆ ಒದಗಿಸಿದನು. ಅಂದು ಅದು ಕೆಲವರ ಕಸಬಿನ ಸಾಧನ. 1979ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದ ತರುವಾಯ ಅದು ದಾರಿ ನಡೆಯುವವರ ಆಭರಣವಾಯಿತು.

ಡಬ್ಬಿಯ ಮೇಲೆ ‘20ರಿಂದ 20,000 ಹರ್ಟ್ಸ್’ ಎಂದು ಎಲ್ಲರೂ ಅಚ್ಚು ಹಾಕುವರು. ಅದು ಮನುಷ್ಯನ ಕಿವಿಯ ಎಲ್ಲೆಯೇ ಹೊರತು ಸರಕಿನ ಗುಣವಲ್ಲ. ಆ ಹರವಿನಲ್ಲಿ ಯಾವ ಸ್ವರ ಎಷ್ಟು ಏರುವದು, ಎಷ್ಟು ಇಳಿಯುವದು ಎಂಬುದನ್ನು ಅದು ತಿಳಿಸುವದಿಲ್ಲ. ಪೊರೆಯ ಅಗಲವನ್ನು ಮಿಲಿಮೀಟರಿನಲ್ಲಿ ಹೊಗಳಿಕೊಂಡಿದ್ದರೂ ದೊಡ್ಡದೆಲ್ಲ ಒಳ್ಳೆಯದಲ್ಲ. ಮೊಬೈಲಿಗೆ ಜೋಡಿಸುವ ತಂತಿಯ ಇಯರ್‌ಫೋನಿನ ರೋಧವು 16ರಿಂದ 32 ಓಮ್ ಇದ್ದರೆ ಸಾಕು. ಬಾಸ್ ಅತಿಯಾದುದರಲ್ಲಿ ಡೊಳ್ಳು ಮೆರೆದು ಮಾತು ಮುಳುಗುವದು. ಪಾಠ ಕೇಳುವವರು ಅಂಗಡಿಯಲ್ಲಿ ಹಾಡಿನ ಬದಲು ಮಾತನ್ನೇ ಹಚ್ಚಿ ಪರೀಕ್ಷಿಸಬೇಕು.

ತಂತಿಯದೋ, ತಂತಿಯಿಲ್ಲದುದೋ ಎಂಬುದು ಮುಂದಿನ ಪ್ರಶ್ನೆ. ತಂತಿಯಿಲ್ಲದ ಇಯರ್‌ಬಡ್ಡಿನಲ್ಲಿ ತೊಡಕಿಲ್ಲ, ಸೊಗಸುಂಟು. ಆದರೆ ಕೊಟ್ಟ ರೂಪಾಯಿಯು ಬ್ಯಾಟರಿಗೆ, ಬ್ಲೂಟೂತಿಗೆ, ಡಬ್ಬಿಗೆ ಹಂಚಿಹೋಗಿ ನಾದದ ಪಾಲಿಗೆ ಉಳಿಯುವದು ಕಡಿಮೆ. ‘ನಲವತ್ತು ತಾಸು’ ಎಂಬುದರಲ್ಲಿ ಡಬ್ಬಿಯ ಬ್ಯಾಟರಿಯ ಲೆಕ್ಕವೂ ಸೇರಿರುವದು. ಒಮ್ಮೆ ಕಿವಿಗಿಟ್ಟರೆ ಅದರ ಸಣ್ಣ ಪಾಲು ಮಾತ್ರ ನಡೆಯುವದು. ಕಡಲೆಯಷ್ಟು ದೊಡ್ಡ ಆ ಬ್ಯಾಟರಿಯು ದಿನಬಳಕೆಯಲ್ಲಿ ಕೆಲವು ವರುಷಗಳಿಗೆ ಬಲಗುಂದುವದು, ಬದಲಿಸಿಕೊಡುವವರು ವಿರಳ. ಇಂಥದನ್ನು ಕೊಳ್ಳುವವರು ಭಾರತೀಯ ಮಾನಕ ಬ್ಯೂರೋದ ನೋಂದಣಿಯ ಗುರುತನ್ನೂ ಅದರ ಕೆಳಗಿನ ‘ಆರ್’ ಅಕ್ಷರದ ಸಂಖ್ಯೆಯನ್ನೂ ನೋಡಬೇಕು; ಆ ಸಂಖ್ಯೆ ನಿಜವೋ ಎಂಬುದನ್ನು ಬ್ಯೂರೋದ ಆ್ಯಪಿನಲ್ಲಿ ತಾಳೆ ನೋಡಬಹುದು. ತಂತಿಯದಕ್ಕೆ ಚಾರ್ಜು ಬೇಡ, ಮೂಲೆಯಲ್ಲಿ ಬಿದ್ದು ಕಳೆಯುವ ಭಯವಿಲ್ಲ. ಆದರೆ ಪಿನ್ನಿನ ಕೊರಳಲ್ಲಿ ತಂತಿ ಹರಿಯುವ ದೋಷವುಂಟು. ಈಚಿನ ಅನೇಕ ಮೊಬೈಲುಗಳಲ್ಲಿ ಆ ಪಿನ್ನಿನ ತೂತೇ ಇರುವದಿಲ್ಲವಾದುದರಿಂದ ತನ್ನ ಮೊಬೈಲನ್ನು ಮೊದಲು ನೋಡಿಕೊಳ್ಳುವದು ಲೇಸು. ಗದ್ದಲವನ್ನು ಎದುರಲೆಯಿಂದ ಅಳಿಸುವ ಏರ್ಪಾಡಿನ ಇಯರ್‌ಬಡ್ಡುಗಳೂ ಉಂಟು. ಎಂಜಿನ್ನಿನಂಥ ಒಂದೇ ಸಮನಾದ ಕೆಳದನಿಯ ಮೇಲೆ ಅವು ಚೆನ್ನಾಗಿ ನಡೆಯುವವು, ಪಕ್ಕದವರ ಹರಟೆಯ ಮೇಲೆ ಅಷ್ಟಾಗಿ ನಡೆಯವು. ಕಡಿಮೆ ಬೆಲೆಯವುಗಳಲ್ಲಿ ಆ ಗುಣವು ಇನ್ನೂ ಕಡಿಮೆ.

ಇಷ್ಟನ್ನೆಲ್ಲ ಬರೆದ ಮೇಲೆ ಅಧ್ಯಾಪಕರು ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಕಿವಿಯ ಬಾಯನ್ನು ಸರಿಯಾಗಿ ಮುಚ್ಚುವದೇ ಒಳ್ಳೆಯದು. ಹೊರಗಿನ ಸಪ್ಪಳ ತಡೆದಷ್ಟೂ ಒಳಗಿನ ಸಪ್ಪಳವನ್ನು ತಗ್ಗಿಸಬಹುದು. ಇದೊಂದು ಗುಣವು ಇನ್ನೂರು ರೂಪಾಯಿಯದರಲ್ಲಿ ಇರಬಹುದು, ಎರಡು ಸಾವಿರದ್ದರಲ್ಲಿ ಇಲ್ಲದೆಯೂ ಇರಬಹುದು. ಅದು ತೊಡುವ ಕಿವಿಯನ್ನು ಅವಲಂಬಿಸಿರುವದು. ಇದರ ಹಿಂದಿನ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯು ಕೊಟ್ಟಿದೆ. ವಯಸ್ಕರು 80 ಡೆಸಿಬಲ್ಲಿನ ಸಪ್ಪಳವನ್ನು ವಾರಕ್ಕೆ 40 ತಾಸು ಕೇಳಬಹುದು. ಮೂರು ಡೆಸಿಬಲ್ ಏರಿದಾಗಲೆಲ್ಲ ಆ ಅವಧಿಯು ಅರ್ಧವಾಗುವದು. 90ರಲ್ಲಿ ವಾರಕ್ಕೆ 4 ತಾಸು, 100ರಲ್ಲಿ ಸುಮಾರು 20 ನಿಮಿಷ ಮಾತ್ರ. ಕಿವಿಯು ಸಪ್ಪಳವನ್ನೂ ಕಾಲವನ್ನೂ ಕೂಡಿಸಿ ಸಾಲದ ಖಾತೆ ಬರೆಯುವದು. ಆ ಸಾಲವು ತಾರುಣ್ಯದಲ್ಲಿ ಗೊತ್ತಾಗುವದಿಲ್ಲ.

ಮಗಳು 550 ರೂಪಾಯಿಯ, ತಂತಿಯ, ರಬ್ಬರಿನ ಬಿರಟೆಯಂಥ ತುದಿಯುಳ್ಳ ಒಂದನ್ನು ಆರಿಸಿದಳು. ಅದರೊಡನೆ ಮೂರು ಅಳತೆಯ ತುದಿಗಳಿದ್ದವು. ಕಿವಿಯ ಆಲೆಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆದು ಒಂದೊಂದಾಗಿ ಇಟ್ಟು ನೋಡಿದಳು. ತನ್ನ ದನಿ ತನಗೇ ಕೊಡದೊಳಗೆ ಮಾತಾಡಿದಂತೆ ಕೇಳಿಸಿದಾಗ ಕಿವಿ ಮುಚ್ಚಿತೆಂದು ತಿಳಿಯಬೇಕಷ್ಟೆ. ಬಲಗಿವಿಗೆ ನಡುವಿನದು, ಎಡಗಿವಿಗೆ ಸಣ್ಣದು ಹೊಂದಿತು. ಎರಡು ಕಿವಿಗಳೂ ಒಂದೇ ಅಳತೆಯವಿರಬೇಕೆಂಬ ನಿಯಮವಿಲ್ಲ. ತನ್ನ ಮಾತನ್ನು ಅದರ ಮೈಕಿನಲ್ಲಿ ಹಿಡಿದು ತಿರುಗಿ ಕೇಳಿ ನೋಡಿದಳು. ತಂದೆಯು ಸಮಾಧಾನಪಡಲಿಲ್ಲ. “ರೊಕ್ಕ ಐತಲ್ಲವ್ವಾ, ಚಲೋದು ತಗೋ” ಎಂದನು.

“ಇದೇ ಚಲೋದಪ್ಪಾ. ಉಳಿದ ರೊಕ್ಕದಾಗ ನಿನಗೊಂದು ತಗೊಳ್ಳೂಣು.”

“ನನಗ್ಯಾಕವ್ವಾ ಈ ವಯಸ್ಸಿನಾಗ ಹಾಡು?”

ಅವಳು ಉತ್ತರ ಕೊಡದೆ ಅವನನ್ನು ಕಾರಖಾನೆಯ ಸಾಮಾನು ಮಾರುವ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕೊಂಡುದು ನೋಡಲು ದೊಡ್ಡ ಹೆಡ್‌ಫೋನಿನಂತೆಯೇ ಇತ್ತು: ತಲೆಯ ಮೇಲೆ ಕಮಾನು, ಎರಡು ಕಡೆಗೆ ಮೆತ್ತನೆಯ ಬಟ್ಟಲುಗಳು. ತಂತಿಯಿಲ್ಲ, ಬ್ಯಾಟರಿಯಿಲ್ಲ, ಹಾಡುವದಿಲ್ಲ. ಗದ್ದಲವನ್ನು ಹೊರಗೆ ನಿಲ್ಲಿಸುವದೇ ಅದರ ಕೆಲಸ. ಯಂತ್ರದ ಬಳಿ ಹಾಡಿನ ಇಯರ್‌ಫೋನು ತೊಡುವದೆಂದರೆ ಸಪ್ಪಳದ ಮೇಲೆ ಸಪ್ಪಳ ಹೇರಿದಂತೆ. ಅಲ್ಲಿಗೆ ಇದೇ ತಕ್ಕುದು.

ತಿರುಗಿ ಬರುವಾಗ ಮಳಖೇಡದ ಬಳಿ ಬಸ್ಸು ಕಾಗಿಣಾ ನದಿಯನ್ನು ದಾಟಿತು. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಸ್ಥಳ. ಓದಿ ಕಲಿಯದೆಯೂ ಕಾವ್ಯದ ಮರ್ಮ ಬಲ್ಲವರೆಂದು ಆ ಗ್ರಂಥವು ನಾಡವರನ್ನು ಕೊಂಡಾಡಿದೆ. ಓದದೆ ಬಲ್ಲವರು ಕಿವಿಯಿಂದಲ್ಲದೆ ಮತ್ತೆ ಯಾವುದರಿಂದ ಬಲ್ಲರು? ಮಗಳು ಆಗ ಕೇಳುತ್ತಿದ್ದ ಪಾಠವೂ ಅದೇ ಗ್ರಂಥವನ್ನು ಕುರಿತಾದುದಾಗಿತ್ತು. ಸಪ್ಪಳದ ಗೆರೆಯು ಅರ್ಧದ ಕೆಳಗಿದ್ದರೂ ಮಾತು ಮಾತೂ ತಿಳಿಯುತ್ತಿದ್ದಿತು. ಬಸ್ಸಿನಿಂದಿಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕಿವಿಗೊಟ್ಟಳು. ಜೀರುಂಡೆ ಒದರಲಿಲ್ಲ.

ಮರುದಿನ ಘಟಕದಲ್ಲಿ ಹುಡುಗರು, “ಯಾವ ಹಾಡು ಹಚ್ಚೀರಿ ಕಾಕಾ?” ಎಂದು ನಕ್ಕರು. ಅವನು ಬಟ್ಟಲುಗಳನ್ನು ಕಿವಿಗೆ ಸರಿಪಡಿಸಿಕೊಂಡು ಕಲ್ಲಿಗೆ ಕೈ ಹಚ್ಚಿದನು. ಎರಡು ವಾರ ಕಳೆದ ಮೇಲೆ ಅವರಲ್ಲೊಬ್ಬನು ಮೆಲ್ಲಗೆ ಬಂದು ಬೆಲೆ ಕೇಳಿದನು. ಮೆಲ್ಲಗೆ ಕೇಳಿದ್ದರಿಂದ ಎರಡು ಸಲ ಕೇಳಬೇಕಾಯಿತು.

ಹೋದ ಕಿವಿ ತಿರುಗಿ ಬಂದಿಲ್ಲ. ಅದು ಬರತಕ್ಕುದೂ ಅಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದವರು ಶ್ರವಣಯಂತ್ರವನ್ನು ಸೂಚಿಸಿದ್ದಾರೆ; ಬರುವ ತೊಗರಿಯ ರಾಶಿಯಾದ ಮೇಲೆ ಅದರ ವಿಚಾರ. ಈಗಲೂ ಮಗಳು ಹೊಸ್ತಿಲಲ್ಲಿ ನಿಂತು “ಸಾಲಿಗೆ” ಎಂದರೆ ಅವನಿಗೆ “ಹಾಲಿಗೆ” ಎಂದೇ ಕೇಳಿಸುವದು. ಆದರೆ ಈಗ ಅವನು ನಕ್ಕು ಸುಮ್ಮನಾಗುವದಿಲ್ಲ. “ಇನ್ನೊಮ್ಮೆ ಹೇಳವ್ವಾ” ಎನ್ನುವನು. ಅವಳು ಎದುರಿಗೆ ಬಂದು ನಿಂತು ಇನ್ನೊಮ್ಮೆ ಹೇಳುವಳು.