ಕರೆಂಟು ಬರ್ತಿಲ್ಲ

ಆಷಾಢದ ಗಾಳಿ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ದಾಟಿ ಬಯಲಿಗೆ ನುಗ್ಗುವ ದಿನಗಳಲ್ಲೇ ನನಗೆ ಇಂಥ ಫೋನು ಬರುವುದು. ಈ ಸಲ ಹಿರಿಯೂರಿನ ಗೆಳೆಯರು. ತೋಟದ ಶೆಡ್ಡಿನಲ್ಲಿ ಬಹಳ ದಿನದಿಂದ ನಿಂತಿರುವ ಅಂಬಾಸಿಡರ್ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ. "ಕರೆಂಟೇ ಬರ್ತಿಲ್ರೀ, ಕಾಯಿಲ್ ಹೋಗೈತೆ ಅಂತಾರೆ. ಹೊಸದು ತರ್ಸೀನಿ" ಎಂದರು.

ಕಾಯಿಲ್ ತರಿಸಿದ್ದೇಕೆ? ನಿಂತ ಗಾಡಿಯಲ್ಲಿ ಕಾಯಿಲ್ ತಾನಾಗಿ ಸಾಯುವುದು ಅಪರೂಪ. ಕಾಯಿಲಿನ ಕರೆಂಟನ್ನು ಹರಿಸಿ ಕಡಿಯುವ ಪಾಯಿಂಟು ಡಿಸ್ಟ್ರಿಬ್ಯೂಟರಿನೊಳಗಿದೆಯಲ್ಲ, ಅದರ ಮುಖದ ಮೇಲೆ ಕಣ್ಣಿಗೆ ಕಾಣದಂಥ ಪೊರೆ ಕೂರುತ್ತದೆ, ಅಷ್ಟೇ. ಕೀ ಆನ್ ಮಾಡಿದರೂ ಆ ಪೊರೆ ದಾಟಿ ಕರೆಂಟು ಹರಿಯದು. ಹರಿಯದಿದ್ದ ಮೇಲೆ ಅದನ್ನು ಕಡಿದು ಕಿಡಿ ಹುಟ್ಟಿಸುವ ಮಾತೆಲ್ಲಿ? ಮಳೆಗಾಲದ ತೇವಕ್ಕೆ ನಮ್ಮ ಸೀಮೆಯ ಧೂಳೂ ಸೇರಿದರೆ ಕೇಳುವುದೇ ಬೇಡ.

ಇದನ್ನು ಪತ್ತೆ ಮಾಡುವ ಉಪಾಯವೊಂದಿದೆ, ನನಗೆ ಅಚ್ಚುಮೆಚ್ಚು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಬಂಪರಿನ ತೂತಿಗೆ ಹ್ಯಾಂಡಲ್ ಹಾಕಿ, ಪಾಯಿಂಟು ಪೂರ್ತಿ ತೆರೆದು ನಿಲ್ಲುವವರೆಗೆ ಎಂಜಿನ್ ತಿರುಗಿಸಬೇಕು. ಹ್ಯಾಂಡಲ್ ತೆಗೆದು ಕೀ ಆನ್ ಮಾಡಿ. ಕಾಯಿಲಿನ ನಡುವಿನ ದಪ್ಪ ವೈರನ್ನು ರಬ್ಬರಿನ ಕಡೆ ಹಿಡಿದು, ಅದರ ತುದಿ ಎಂಜಿನ್ನಿನ ಮೈಯಿಂದ ಕಾಲಂಗುಲ ದೂರವಿರುವಂತೆ ನೋಡಿಕೊಳ್ಳಿ. ಇನ್ನೊಂದು ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್. ಅದರ ತುದಿ ಪಾಯಿಂಟಿನ ಆಡುವ ತೋಳಿಗೂ ಕೆಳಗಿನ ತಗಡಿಗೂ ಒಟ್ಟಿಗೆ ತಾಗಬೇಕು. ತಾಗಿಸಿ ತಟ್ಟನೆ ಎತ್ತಬೇಕು. ಎತ್ತಿದ ಕ್ಷಣ ದಪ್ಪ ವೈರಿನಿಂದ ನೀಲಿ ಕಿಡಿ ಚಟ್ಟೆಂದು ಹಾರಿತೋ, ಕಾಯಿಲೂ ಪಾಯಿಂಟಿನ ಜೊತೆಗಿರುವ ಕಂಡೆನ್ಸರೂ ಗಟ್ಟಿಯಾಗಿವೆ, ತಪ್ಪೆಲ್ಲ ಪಾಯಿಂಟಿನದೇ. ಆ ಒಂದು ಚಟ್ ಸದ್ದಿಗೆ ನನಗಾಗುವ ಖುಷಿ, ಆಮೇಲೆ ಎಂಜಿನ್ ಸ್ಟಾರ್ಟ್ ಆದಾಗಲೂ ಆಗುವುದಿಲ್ಲ. ಹಿರಿಯೂರಿನಲ್ಲೂ ಕಿಡಿ ಹಾರಿತು. ಹೊಸ ಕಾಯಿಲ್ ಡಬ್ಬಿಯಲ್ಲೇ ಉಳಿಯಿತು.

ಪಾಯಿಂಟು ಉಜ್ಜುವ ವಿಷಯದಲ್ಲಿ ನನಗೂ ಅನೇಕರಿಗೂ ಹಳೆಯ ಜಗಳ. ಎಮರಿ ಪೇಪರ್ ತುರುಕಿ ಗರಗರನೆ ಎಳೆಯುವವರಿದ್ದಾರೆ. ಎಮರಿಯ ಪುಡಿ ಲೋಹದೊಳಗೆ ನಾಟಿಕೊಂಡು ಪಾಯಿಂಟು ಮತ್ತೆ ಸುಡುತ್ತದೆ. ಸಣ್ಣ ಅರದಿಂದ ಹಗುರಾಗಿ ಎರಡು ಸಲ ಎಳೆದು, ಆಮೇಲೆ ಮದುವೆ ಪತ್ರಿಕೆಯ ದಪ್ಪ ಕಾಗದವನ್ನು ಸೀಳಿ, ಪೆಟ್ರೋಲಿನಲ್ಲಿ ಅದ್ದಿ, ಮುಚ್ಚಿದ ಪಾಯಿಂಟಿನ ನಡುವೆ ಎಳೆಯಬೇಕು. ಹೊಳಪಿನ ಲೇಪವಿರುವ ಕಾಗದ ಬೇಡ. ಕಪ್ಪು ಗೆರೆ ಬೀಳುವುದು ನಿಲ್ಲುವ ತನಕ ಹೊಸ ಹೊಸ ಸೀಳು. ಕಡೆಗೆ ಫೀಲರ್ ಗೇಜಿನಲ್ಲಿ ಹದಿನೈದು ಥೌ, ಅಂದರೆ 0.38 ಮಿಲಿಮೀಟರ್ ಸಂದು. ಇಷ್ಟು ತಾಳ್ಮೆಯಿಲ್ಲದವರು "ಪಾಯಿಂಟು ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸ್ಬಿಡ್ರಿ" ಎನ್ನುತ್ತಾರೆ. ಹಾಕಿಸಿಕೊಳ್ಳಲಿ. ಆದರೆ ಸಂಜೆ ಹೊತ್ತು ಕಾಡಿನ ದಾರಿಯಲ್ಲಿ ಕಿಟ್ ಕೈಕೊಟ್ಟರೆ ಅದನ್ನು ಯಾವ ಕಾಗದದಿಂದ ಉಜ್ಜುತ್ತಾರೆ?

ಇನ್ನು ಪೆಟ್ರೋಲು. ಬೇಗ ಸ್ಟಾರ್ಟ್ ಆಗಲೆಂದು ಕಾರ್ಬುರೇಟರಿನ ಬಾಯಿಗೆ ನೇರ ಪೆಟ್ರೋಲ್ ಸುರಿಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಂಜಿನ್ ಹಿಂದಕ್ಕೆ ಒದ್ದರೆ ಬಾನೆಟ್ಟಿನಡಿ ಬೆಂಕಿ. ಒದೆಯದಿದ್ದರೂ, ಒಣಗಿ ನಿಂತ ಸಿಲಿಂಡರಿನ ಗೋಡೆಯ ಮೇಲೆ ಉಳಿದಿದ್ದ ಚೂರುಪಾರು ಆಯಿಲನ್ನೂ ಪೆಟ್ರೋಲು ತೊಳೆದುಬಿಡುತ್ತದೆ. ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹ್ಯಾಂಡಲಿನಲ್ಲಿ ನಿಧಾನವಾಗಿ ತಿರುಗಿಸುವುದು ಕಷ್ಟವೇ? ಪೆಟ್ರೋಲ್ ಎಳೆಯುವ ಎಸಿ ಪಂಪಿನಡಿಯ ಪುಟ್ಟ ಲಿವರನ್ನು ಬೆರಳಿನಿಂದ ಒತ್ತಿದರೆ ಪೆಟ್ರೋಲು ತಾನೇ ಮೇಲೇರುತ್ತದೆ. ಲಿವರ್ ಸಡಿಲವಾಗಿ ಆಡಿದರೆ ಪಂಪ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಕ್ಯಾಮ್ ಪಂಪಿನ ತೋಳನ್ನು ಎತ್ತಿ ಹಿಡಿದಿರುತ್ತದೆ, ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಎಸ್‌ಯು ಕಾರ್ಬುರೇಟರಾದರೆ ಅದರೊಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಟಕ್ಕೆಂದು ತಳ ಮುಟ್ಟಬೇಕು. ನಡುವೆ ಸಿಕ್ಕಿಕೊಂಡರೆ ಮೇಲಿನ ಗಂಟೆಯಂಥ ಮುಚ್ಚಳ ಬಿಚ್ಚಿ ಒರೆಸಿದರೆ ಸಾಕು, ಜೆಟ್ಟಿಗೆ ಕೈಹಾಕಬೇಡಿ.

ಇಷ್ಟೆಲ್ಲ ಅಂಬಾಸಿಡರ್ ಬಿಚ್ಚಿ ತೋರಿಸುತ್ತದೆ, ಅದಕ್ಕೇ ಅದರ ಮೇಲೆ ನನಗೆ ಪ್ರೀತಿ. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೈಕಟ್ಟು, 1489 ಸಿಸಿಯ ಬಿಎಂಸಿ ಎಂಜಿನ್. ಬಾನೆಟ್ ಎತ್ತಿದರೆ ಎರಡೂ ಕೈ ಒಳಗಿಟ್ಟು ಕೆಲಸ ಮಾಡುವಷ್ಟು ಜಾಗ. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಅದರ ತಯಾರಿಕೆ ನಿಂತ ಮೇಲೆ, ಇರುವ ಗಾಡಿಗಳನ್ನೇ ಉಳಿಸಿಕೊಳ್ಳಬೇಕು. ಅದರ ಎಂಜಿನ್ ಕಿತ್ತು ಯಾವುದೋ ಡೀಸೆಲ್ ಎಂಜಿನ್ ಕೂರಿಸಿ "ಮೈಲೇಜ್ ಬರುತ್ತೆ" ಎನ್ನುವವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ.

ಈಗಿನ ಪೆಟ್ರೋಲಿನದು ಬೇರೆಯೇ ಗೋಳು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಿಗುವುದು ಬಹುತೇಕ ಅದೇ. ಕಬ್ಬು ಬೆಳೆಯುವವರಿಗೆ ಒಳ್ಳೆಯದಾಗಲಿ, ನನ್ನ ತಕರಾರಿಲ್ಲ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಾದರೆ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಪಂಪು ಮೊದಲು ಎಳೆಯುವುದು ತಳದ್ದನ್ನೇ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಮೆತ್ತಗಾಗಿ ಉಬ್ಬುತ್ತವೆ. ಹಳೆಯ ಗಾಡಿಗಳಿಗೆಂದು ಎಥನಾಲ್ ಇಲ್ಲದ ಪೆಟ್ರೋಲನ್ನು ಊರಿಗೊಂದು ಬಂಕಿನಲ್ಲಾದರೂ ಇಟ್ಟಿದ್ದರೆ ಏನಾಗುತ್ತಿತ್ತು? ಕೇಳಿದರೆ "ಗುಜರಿಗೆ ಹಾಕ್ರಿ" ಎನ್ನುತ್ತಾರೆ. ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮವನ್ನು 2021ರಲ್ಲಿ ಸರ್ಕಾರವೇ ತಂದಿದೆ. ಕಾಗದದಲ್ಲಿ ಮರ್ಯಾದೆ ಕೊಟ್ಟು ಟ್ಯಾಂಕಿಗೆ ನೀರು ಕುಡಿಯುವ ಪೆಟ್ರೋಲ್ ಹಾಕಿಸಿದರೆ ಹೇಗೆ?

ಹಾಗಾಗಿ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕೋ ಖಾಲಿ ಮಾಡಿ ನಿಲ್ಲಿಸಬೇಕೋ ಎಂಬ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ತುಂಬಿದ ಟ್ಯಾಂಕಿಗೆ ತುಕ್ಕು ಹಿಡಿಯದು ಎನ್ನುವ ಹಳಬರ ಮಾತು ಹಳೆಯ ಪೆಟ್ರೋಲಿಗೆ ಸರಿ. ನಾನೀಗ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಬರಿದು ಮಾಡಿಸಿ, ಕಾರ್ಬುರೇಟರ್ ಒಣಗುವ ತನಕ ಎಂಜಿನ್ ಓಡಿಸಿ, ಬ್ಯಾಟರಿಯ ತಂತಿ ಕಳಚಿಡುತ್ತೇನೆ. ಒಳಗೆ ಒಂದಿಷ್ಟು ತುಕ್ಕು ಹಿಡಿದರೆ ಟ್ಯಾಂಕ್ ಇಳಿಸಿ ತೊಳೆಸಬಹುದು. ಉಬ್ಬಿದ ಡಯಾಫ್ರಂಗೆ ಬದಲಿ ಹುಡುಕುವುದು ಅದಕ್ಕಿಂತ ಕಷ್ಟ.